ಮನೆ ಮಾರುವ ಮುಂಚೆ: ಕಡಿಮೆ ಖರ್ಚಿನಲ್ಲಿ ಸಜ್ಜು ಮಾಡೋದು ಹೇಗೆ?

ಬೆಂಗಳೂರಿನಲ್ಲಿ ಮನೆ ನೋಡಲು ಬರುವವರು ಹಾಲ್‌ನಲ್ಲಿ ಜಾಸ್ತಿ ಹೊತ್ತು ನಿಲ್ಲುವುದಿಲ್ಲ. ನೇರ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸುತ್ತಾರೆ. ‘ಕಾವೇರಿ ಬರುತ್ತಾ, ಬೋರ್ ಇದೆಯಾ’ ಎಂದು ಕೇಳುತ್ತಾರೆ. 2024ರ ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಕಾದು ಕೂತವರು ಈ ಪ್ರಶ್ನೆ ಬಿಡುತ್ತಾರಾ? ಆಮೇಲೆ ಬಾತ್‌ರೂಮಿನ ಹಿಂದಿನ ಗೋಡೆ ಮುಟ್ಟಿ ನೋಡುತ್ತಾರೆ. ಹೊರಡುವಾಗ ಖಾತಾ, ಅಂದರೆ ಪಾಲಿಕೆಯ ಆಸ್ತಿ ದಾಖಲೆಯ ವಿಚಾರ ತೆಗೆಯುತ್ತಾರೆ. ಕೈಯಲ್ಲಿರುವ ದುಡ್ಡು ಸ್ವಲ್ಪವೇ ಆಗಿದ್ದರೆ ಅದನ್ನು ಹೊಸ ಸೋಫಾ, ಫಾಲ್ಸ್ ಸೀಲಿಂಗ್‌ಗೆ ಸುರಿಯಬೇಡಿ. ಅವರಿಗೆ ಅನುಮಾನ ಬರುವ ಈ ಜಾಗಗಳಿಗೇ ಹಾಕಿ.

ಮೊದಲು ಕಾಗದ ಪತ್ರ

ಸುಣ್ಣ ಬಣ್ಣದ ಯೋಚನೆಗೂ ಮುಂಚೆ ಇದನ್ನು ಶುರು ಮಾಡಿ. ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದ್ದರೂ ಸರಿಪಡಿಸಲು ದಿನ ಹಿಡಿಯುತ್ತದೆ. 2024ರ ಕೊನೆಯಿಂದ ನಗರದಲ್ಲಿ ನೋಂದಣಿಗೆ ಇ-ಖಾತಾ, ಅಂದರೆ ಡಿಜಿಟಲ್ ಖಾತಾ, ಬೇಕೇ ಬೇಕು. ಆಸ್ತಿ ಮೇಲೆ ಸಾಲ, ಅಡಮಾನ ಇದೆಯಾ ಎಂದು ತೋರಿಸುವ ಋಣಭಾರ ಪತ್ರ, ಅಂದರೆ ಇ.ಸಿ., ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಸಿಗುತ್ತದೆ. ಕ್ರಯಪತ್ರ, ಈ ವರ್ಷದ ಕಂದಾಯ ರಸೀದಿ, ಕರೆಂಟ್ ಮತ್ತು ನೀರಿನ ಬಿಲ್, ಫ್ಲ್ಯಾಟ್ ಆದರೆ ಸಂಘದಿಂದ ‘ಬಾಕಿ ಇಲ್ಲ’ ಪತ್ರ, ಎಲ್ಲದರ ಜೆರಾಕ್ಸ್ ಒಂದೇ ಫೈಲ್‌ಗೆ ಸೇರಿಸಿ. ಬಿ ಖಾತಾ, ಅಂದರೆ ಪೂರ್ತಿ ಸಕ್ರಮವಲ್ಲದ ಆಸ್ತಿಯ ಖಾತಾ ಆಗಿದ್ದರೆ ಮೊದಲ ಫೋನಿನಲ್ಲೇ ಹೇಳಿಬಿಡಿ. ಮೂರು ಸಲ ಬಂದು ನೋಡಿದ ಮೇಲೆ ಗೊತ್ತಾದರೆ ಯಾರಿಗಾದರೂ ಬೇಜಾರಾಗುತ್ತದೆ.

ಮನೆ ಹಗುರ ಮಾಡಿ

ಇದಕ್ಕೆ ಖರ್ಚೇ ಇಲ್ಲ. ಅಟ್ಟದಿಂದ ಶುರು ಮಾಡಿ, ಏಕೆಂದರೆ ನೋಡಲು ಬಂದವರು ಅಟ್ಟವನ್ನೂ ಬಗ್ಗಿ ನೋಡುತ್ತಾರೆ. ಹಳೇ ಪೇಪರ್, ಕಬ್ಬಿಣ ಗುಜರಿಗೆ ಹೋಗಲಿ. ಉಳಿದ ಒಣ ಕಸವನ್ನು ವಾರ್ಡಿನ ಒಣ ತ್ಯಾಜ್ಯ ಕೇಂದ್ರಕ್ಕೆ ಕೊಡಿ. ಬೀರು ಅರ್ಧ ಖಾಲಿ ಇರಲಿ, ಜಾಗ ಸಾಕಷ್ಟಿದೆ ಅನ್ನಿಸುತ್ತದೆ. ದೇವರ ಮನೆಯ ಎಣ್ಣೆ ಜಿಡ್ಡು, ಹೊಗೆ ಕಲೆ ಒರೆಸಿ.

ತೇವದ ಗೋಡೆ

ಇಲ್ಲಿ ಮಾತ್ರ ಕೈ ಬಿಗಿ ಹಿಡಿಯಬೇಡಿ. ನೀರು ಎಲ್ಲಿಂದ ಬರುತ್ತಿದೆ ಎಂದು ಗೊತ್ತಾಗದೆ ಪೇಂಟ್ ಹೊಡೆಸಿದರೆ ಆ ದುಡ್ಡು ದಂಡ. ಕೆಲವೇ ವಾರಗಳಲ್ಲಿ ಬಣ್ಣ ಉಬ್ಬಿ ಉದುರುತ್ತದೆ. ಹಾಗಾಗಿ ಮೊದಲು ಒಂದು ಪರೀಕ್ಷೆ. ರಾತ್ರಿ ಎಲ್ಲ ನಲ್ಲಿ ಮುಚ್ಚಿ ನೀರಿನ ಮೀಟರ್ ನೋಡಿ. ಸಂಪ್‌ಗೆ ನೀರು ಬರುತ್ತಿದ್ದರೆ ಅದರ ವಾಲ್ವ್ ಕೂಡ ಮುಚ್ಚಿರಲಿ. ಆಗಲೂ ಮುಳ್ಳು ತಿರುಗುತ್ತಿದ್ದರೆ ಬೀದಿಯಿಂದ ಸಂಪ್‌ಗೆ ಬರುವ ಪೈಪ್ ಸೋರುತ್ತಿದೆ. ಮನೆಯೊಳಗಿನದಕ್ಕೆ ಓವರ್‌ಹೆಡ್ ಟ್ಯಾಂಕಿನಲ್ಲಿ ನೀರಿನ ಮಟ್ಟಕ್ಕೆ ಗುರುತು ಹಾಕಿ. ಯಾರೂ ನೀರು ಬಳಸದೆ ಬೆಳಿಗ್ಗೆ ಅದು ಇಳಿದಿದ್ದರೆ ಗೋಡೆಯೊಳಗಿನ ಪೈಪನ್ನೇ ಅನುಮಾನಿಸಿ. ಮಟ್ಟ ಇಳಿಯದೆ, ಬಾತ್‌ರೂಮ್ ಕೆಲವು ದಿನ ಬಳಸದಿದ್ದಾಗ ಮಾತ್ರ ಗೋಡೆ ಒಣಗುತ್ತಾ ಬಂದರೆ ಟೈಲ್ಸ್ ಸಂದು ಅಥವಾ ನೀರು ಹೋಗುವ ಕಿಂಡಿಯದೇ ಕೆಲಸ. ಸಂದಿನ ಹಳೇ ಸಿಮೆಂಟ್ ಕೆರೆದು ಎಪಾಕ್ಸಿ ಗ್ರೌಟ್ ತುಂಬಿಸಿ. ಇಡೀ ಬಾತ್‌ರೂಮ್ ಒಡೆಸುವುದಕ್ಕಿಂತ ಎಷ್ಟೋ ಕಡಿಮೆಗೆ ಆಗುತ್ತದೆ.

ಮಳೆ ಬಂದಾಗ ಮಾತ್ರ ತೇವ ಕಂಡರೆ ತಾರಸಿ, ಸಜ್ಜಾ ಹತ್ತಿ ನೋಡಿ. ಎಷ್ಟೋ ಸಲ ತಾರಸಿಯ ಪೈಪಿನ ಬಾಯಿಗೆ ಎಲೆ ಕಟ್ಟಿಕೊಂಡು ನೀರು ನಿಂತಿರುತ್ತದೆ.

ಸೋರಿಕೆ ನಿಂತ ಮೇಲೆ ಉಬ್ಬಿದ ಗಾರೆ ಕೆರೆಸಿ. ಗೋಡೆ ಮೇಲೆ ಬಿಳಿ ಉಪ್ಪಿನ ಪುಡಿ ಇದ್ದರೆ ಒಣ ಬ್ರಷ್‌ನಲ್ಲೇ ಉಜ್ಜಿ. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಗೋಡೆಯೊಳಗೇ ಹೋಗುತ್ತದೆ. ಚೆನ್ನಾಗಿ ಒಣಗಲು ಬಿಡಿ, ಆಮೇಲೆ ಪುಟ್ಟಿ, ಪ್ರೈಮರ್, ಬಣ್ಣ. ಆಷಾಢದಲ್ಲಿ ಹೇಗೂ ಮನೆ ಕೊಳ್ಳುವವರು ಕಡಿಮೆ. ಆಗ ಸೋರುವ ಜಾಗ ಗುರುತು ಹಾಕಿಟ್ಟುಕೊಳ್ಳಿ, ಬಣ್ಣಕ್ಕೆ ಬಿಸಿಲು ಬರಲಿ.

ಕಲೆ ಮುಚ್ಚಲು ಗೋಡೆಗೆ ಬೀರು ಒತ್ತರಿಸಿ ಇಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕೊಳ್ಳುವವರೂ ಜೀವಮಾನದ ಉಳಿತಾಯ ತಂದಿರುತ್ತಾರೆ ಅಲ್ವಾ? 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್ ಕೂಡ ಇದನ್ನೇ ಹೇಳುತ್ತದೆ: ಕೊಳ್ಳುವವರ ಕಣ್ಣಿಗೆ ಸುಲಭವಾಗಿ ಬೀಳದ, ನಿಮಗೆ ಗೊತ್ತಿರುವ ದೊಡ್ಡ ದೋಷವನ್ನು ತಿಳಿಸಬೇಕು. ರಿಪೇರಿ ಮಾಡಿಸಿದ ಬಿಲ್, ಮುಂಚಿನ ಮತ್ತು ಆಮೇಲಿನ ಫೋಟೊ ಫೈಲ್‌ನಲ್ಲಿ ಇಟ್ಟು ತೋರಿಸಿ. ಅದು ನಿಮ್ಮ ಪರವಾಗಿಯೇ ಕೆಲಸ ಮಾಡುತ್ತದೆ.

ನಲ್ಲಿ, ನೆಲ, ಬೆಳಕು

ಬೋರ್ ನೀರಿನಿಂದ ನಲ್ಲಿಗಳ ಮೇಲೆ ಬಿಳಿ ಪದರ ಕಟ್ಟಿರುತ್ತದೆ. ನಿಂಬೆ ಉಪ್ಪನ್ನು ಬೆಚ್ಚಗಿನ ನೀರಿಗೆ ಹಾಕಿ, ಬಟ್ಟೆ ನೆನೆಸಿ ನಲ್ಲಿಗೆ ಸುತ್ತಿ, ಅರ್ಧ ಗಂಟೆ ಬಿಟ್ಟು ಉಜ್ಜಿ. ಹೊಸ ನಲ್ಲಿ ಬೇಕಾಗುವುದಿಲ್ಲ. ಆದರೆ ಈ ನೀರಾಗಲಿ, ಆಸಿಡ್ ಆಗಲಿ ಮಾರ್ಬಲ್, ಮೊಸಾಯಿಕ್ ನೆಲಕ್ಕೆ ತಾಗಬಾರದು. ಹೊಳಪು ತಿಂದುಹಾಕುತ್ತದೆ. ಮಲ್ಲೇಶ್ವರ, ಬಸವನಗುಡಿ ಕಡೆಯ ಹಳೇ ಮನೆಗಳ ರೆಡ್ ಆಕ್ಸೈಡ್ ನೆಲದ ಮೇಲೆ ಟೈಲ್ಸ್ ಹಾಕಿಸಬೇಡಿ, ಅದು ಆ ಮನೆಯ ಅಂದವೇ. ಸೋಪ್ ನೀರಿನಲ್ಲಿ ಒರೆಸಿ, ಒಣಗಿಸಿ, ಬಟ್ಟೆಗೆ ಒಂದೆರಡು ಹನಿ ಕೊಬ್ಬರಿ ಎಣ್ಣೆ ಹಾಕಿ ಉಜ್ಜಿ. ಜಾರದಂತೆ ಮತ್ತೆ ಒಣ ಬಟ್ಟೆಯಲ್ಲಿ ಒರೆಸಿ.

ಮನೆ ಖಾಲಿ ಬಿದ್ದಿದ್ದರೆ ಬಾತ್‌ರೂಮಿನ ಕಿಂಡಿಗಳಿಗೆ ಒಂದೊಂದು ಮಗ್ ನೀರು ಹಾಕಿ. ಅಲ್ಲಿನ ನೀರು ಒಣಗಿದರೆ ಮೋರಿ ವಾಸನೆ, ಜಿರಲೆ ಎರಡೂ ಮೇಲೆ ಬರುತ್ತವೆ.

ಕಿಟಕಿಯ ಸೊಳ್ಳೆ ಮೆಶ್ ಬಿಚ್ಚಿ ತೊಳೆಯಿರಿ. ವರ್ಷಗಳ ಧೂಳು ಹೋದರೆ ರೂಮಿಗೆ ಬರುವ ಬೆಳಕೇ ಬೇರೆ. ಒಂದು ರೂಮಿನಲ್ಲಿ ಹಳದಿ, ಬಿಳಿ ಬಲ್ಬ್ ಬೆರೆಸಬೇಡಿ. ಒಟ್ಟಿಗೆ ಕೊಳ್ಳುವುದಾದರೆ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯಲ್ಲಿ ವಿಚಾರಿಸಿ. ಇಡೀ ಮನೆಗೆ ಪೇಂಟ್ ಆಗದಿದ್ದರೆ ಹಾಲ್ ಮತ್ತು ಅಡುಗೆಮನೆಯ ಸೂರು ಸಾಕು. ಮುಂಬಾಗಿಲಿಗೆ ಪಾಲಿಶ್, ಬಾಗಿಲ ಕೀಲುಗಳಿಗೆ ಎಣ್ಣೆ, ಗೇಟಿನ ತುಕ್ಕು ಉಜ್ಜಿ ಎನಾಮೆಲ್.

ಫೋಟೊ, ಭೇಟಿ

ಬೆಳಿಗ್ಗೆ ಪರದೆ ಸರಿಸಿ, ಫೋನ್ ಅಡ್ಡ ಹಿಡಿದು, ಎದೆಯೆತ್ತರದಲ್ಲಿ ಮೂಲೆಯಿಂದ ಫೋಟೊ ತೆಗೆಯಿರಿ. ಬಾಗಿಲು ಯಾವ ದಿಕ್ಕಿಗೆ, ಸೈಟ್ 30x40ಓ 20x30ಓ, ಜಾಹೀರಾತಿನಲ್ಲೇ ಬರೆಯಿರಿ. ವಾಸ್ತು ನೋಡುವವರು ಸುಮ್ನೆ ಬಂದು ಹೋಗುವುದು ತಪ್ಪುತ್ತದೆ.

ಭಾನುವಾರ ಬೆಳಿಗ್ಗೆ ಭೇಟಿಗೆ ಒಳ್ಳೆಯ ಹೊತ್ತು. ಸಂಜೆ ನಾಲ್ಕೂವರೆಯಿಂದ ಆರರವರೆಗೆ ರಾಹುಕಾಲ, ಆಗ ಬರಲು ಹಲವರು ಒಪ್ಪುವುದಿಲ್ಲ. ಟ್ಯಾಂಕ್ ತುಂಬಿಸಿ, ಕಿಟಕಿ ತೆರೆದಿಡಿ. ಅಗರಬತ್ತಿ ಜಾಸ್ತಿ ಹಚ್ಚಬೇಡಿ, ಏನೋ ವಾಸನೆ ಮುಚ್ಚುತ್ತಿದ್ದಾರೆ ಎಂದುಕೊಳ್ಳುತ್ತಾರೆ. ಬೆಲೆಯ ಮಾತು ಮನೆಯಲ್ಲಿ ಒಬ್ಬರೇ ಆಡಿ. ಬಂದವರು ಫೈಲನ್ನು ಅಲ್ಲೇ ಕೂತು ಓದಲಿ. ಆಧಾರ್ ಸಂಖ್ಯೆ ಮುಚ್ಚಿದ ಜೆರಾಕ್ಸ್ ಮಾತ್ರ ಕೈಗೆ ಕೊಡಿ. ಮೂಲ ಪತ್ರಗಳನ್ನು ನಿಮ್ಮ ಎದುರಿಗೇ ಅವರ ವಕೀಲರು ನೋಡಲಿ, ಅದೂ ವ್ಯವಹಾರ ಮುಂದುವರಿಯುವುದು ಖಚಿತವಾದ ಮೇಲೆ.