ಖಾತೆ ಅಣ್ಣನ ಹೆಸರಲ್ಲಿ, ಮನೆ ಎಲ್ಲರದು: ಪತ್ರ ಮಾಡಿಸುವುದು ಹೇಗೆ?

ಕೋಲಾರದ ಕಡೆ ಆಸ್ತಿ ಪತ್ರ ಬರೆಯುವ ನನ್ನ ಹತ್ತಿರ ಇಂಥ ಮನೆಗಳು ಬರುತ್ತಲೇ ಇರುತ್ತವೆ. ಅಪ್ಪ ಕಟ್ಟಿಸಿದ್ದು. ಅಪ್ಪ ಹೋದ ಮೇಲೆ "ಎಲ್ಲರೂ ಯಾಕೆ ಓಡಾಡೋದು" ಅಂತ ಖಾತೆಯನ್ನು ದೊಡ್ಡಣ್ಣನ ಹೆಸರಿಗೆ ಮಾಡಿಸಿರುತ್ತಾರೆ. ಎಷ್ಟೋ ವರ್ಷ ತಕರಾರಿಲ್ಲ. ಆಮೇಲೆ ಅಣ್ಣನೂ ಹೋಗುತ್ತಾರೆ. ಅವರ ಮಗ ಖಾತೆ ನಕಲು ಹಿಡಿದು "ಇದು ನಮ್ಮಪ್ಪಂದು" ಅನ್ನುತ್ತಾನೆ.

ಖಾತೆ ಇರುವುದು ಕಂದಾಯ ಕಟ್ಟುವುದಕ್ಕೆ, ಅದು ಹಕ್ಕುಪತ್ರ ಅಲ್ಲ. ಆದರೆ ಇದನ್ನು ಕೋರ್ಟಿನಲ್ಲಿ ಹೇಳಿ ಗೆಲ್ಲುವುದಕ್ಕೆ ವರ್ಷಗಳೇ ಬೇಕು. ಅಣ್ಣ ಇರುವಾಗಲೇ ಪತ್ರ ಮಾಡಿಸಿ.

ಮೊದಲು ಕಾಗದ ಜೋಡಿಸಿ. ಅಪ್ಪನ ಕ್ರಯಪತ್ರ, ಮರಣ ಪ್ರಮಾಣಪತ್ರ, ವಂಶವೃಕ್ಷ, ಇ-ಖಾತೆ, ಇಸಿ (ಋಣಭಾರ ಪ್ರಮಾಣಪತ್ರ). 2004ರ ಈಚಿನ ಇಸಿ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲೇ ಸಿಗುತ್ತದೆ.

ಆಮೇಲೆ ಪಾಲುದಾರರ ಪಟ್ಟಿ. ಇಲ್ಲಿ ಹೆಣ್ಣುಮಕ್ಕಳನ್ನು ಬಿಡುವವರೇ ಜಾಸ್ತಿ. "2005ರ ಕಾಯ್ದೆ ನಮಗೆ ಬರಲ್ಲ ಸಾರ್, ಅಪ್ಪ ಮೊದಲೇ ತೀರ್ಕೊಂಡ್ರು" ಅನ್ನುತ್ತಾರೆ. 2005ರ ಆ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳ ಹಕ್ಕಿನ ವಿಷಯ. ಅಪ್ಪ ಸ್ವಂತ ದುಡಿದು ಕಟ್ಟಿದ ಮನೆ, ವಿಲ್ ಬರೆದಿಲ್ಲ ಅಂದರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೇ ಅಮ್ಮನಿಗೆ, ಗಂಡುಮಕ್ಕಳಿಗೆ, ಹೆಣ್ಣುಮಕ್ಕಳಿಗೆ ಸಮಪಾಲು ಇದೆ. ಅಪ್ಪ ತೀರಿಕೊಂಡಾಗ ಅಜ್ಜಿ, ಅಂದರೆ ಅಪ್ಪನ ತಾಯಿ, ಬದುಕಿದ್ದರೆ ಅವರಿಗೂ ಒಂದು ಪಾಲು. ಅಜ್ಜಿಯನ್ನು ಎಲ್ಲರೂ ಮರೆಯುತ್ತಾರೆ. ಪಾಲುದಾರರಲ್ಲಿ ಮೈನರ್ ಮಕ್ಕಳಿದ್ದರೆ ವಕೀಲರನ್ನು ಕೇಳದೆ ಮುಂದೆ ಹೋಗಬೇಡಿ.

ಒಬ್ಬರೇ ಇಟ್ಟುಕೊಳ್ಳುವುದಾದರೆ ಉಳಿದವರು ಹಕ್ಕು ಬಿಡುಗಡೆ ಪತ್ರ ಮಾಡಿಕೊಡಬೇಕು. ಹಂಚಿಕೊಳ್ಳುವುದಾದರೆ ವಿಭಾಗ ಪತ್ರ. ನೋಂದಣಿ ಇಲ್ಲದೆ ಬರೀ ನೂರು ರೂಪಾಯಿ ಛಾಪಾ ಕಾಗದ, ಮೇಲೊಂದು ನೋಟರಿ ಸೀಲು, ಇದನ್ನಂತೂ ಮಾಡಲೇಬೇಡಿ. ಊರ ಹಿರಿಯರು ಬರೆಸಿದ ಪಂಚಾಯ್ತಿ ಪಾರಿಕತ್ (ಪಾಲುಪಟ್ಟಿ) ಇದೆ ಅನ್ನುತ್ತೀರಾ? ಹಿಂದೆಯೇ ಬಾಯಿಮಾತಿನಲ್ಲಿ ಆಗಿಹೋದ ಪಾಲನ್ನು ನೆನಪಿಗೆ ಬರೆದಿಟ್ಟಿದ್ದರೆ ಅದಕ್ಕೆ ಬೆಲೆ ಇದೆ. ಆ ಕಾಗದದಿಂದಲೇ ಪಾಲು ಮಾಡಿಕೊಂಡಿದ್ದರೆ ಅದು ನೋಂದಣಿ ಆಗಿರಲೇಬೇಕು.

ಈಗ ಎಲ್ಲರೂ ಎಡವುವ ಜಾಗ: ಷೆಡ್ಯೂಲು, ಅಂದರೆ ಪತ್ರದಲ್ಲಿ ಆಸ್ತಿಯ ವಿವರ ಬರೆಯುವ ಭಾಗ. ಜೆರಾಕ್ಸ್ ಅಂಗಡಿಯ ರೆಡಿ ಫಾರಂನಲ್ಲಿ ಇದಕ್ಕೆ ನಾಲ್ಕು ಸಾಲು ಜಾಗ ಇರುತ್ತದೆ. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇಂಥವರ ಮನೆ. ಇಡೀ ಸೈಟಿನ ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ) ಬರೆದು "ಕೆಳಗಿನದು ಅಣ್ಣನಿಗೆ, ಮೇಲಿನದು ತಮ್ಮನಿಗೆ" ಅಂದರೆ ಮುಗೀತು ಅಂದುಕೊಳ್ಳುತ್ತಾರೆ. ಮಾಲೂರು ಕಡೆಯ ಒಂದು ಮನೆಗೆ ಹೀಗೇ ಬರೆದಿದ್ದರು. ಮೆಟ್ಟಿಲು ಯಾರದು ಅಂತ ಬರೆದಿರಲಿಲ್ಲ. ಎರಡನೇ ವರ್ಷ ಮೆಟ್ಟಿಲ ಬುಡಕ್ಕೆ ಗ್ರಿಲ್ ಬಂತು, ಗ್ರಿಲ್‌ಗೆ ಬೀಗ ಬಂತು. ಮೇಲಿನವರು ಏಣಿ ಇಟ್ಟುಕೊಂಡು ಇಳಿದರು.

ಆದ್ದರಿಂದ ಟೇಪು ಹಿಡಿದು ಮನೆಯೊಳಗೆ ನಡೆಯಿರಿ. ಒಬ್ಬೊಬ್ಬರ ಪಾಲಿಗೂ ಬೇರೆ ಚಕ್ಕುಬಂದಿ, ಅಡಿ ಲೆಕ್ಕದಲ್ಲಿ ಅಳತೆ, ಜೊತೆಗೊಂದು ನಕ್ಷೆ. ಮೆಟ್ಟಿಲು, ಗೇಟು, ಓಣಿ, ಕರೆಂಟ್ ಮೀಟರು, ಟೆರೇಸು, ಮುಂದೆ ಮೇಲೆ ಕಟ್ಟುವ ಹಕ್ಕು, ಒಂದೊಂದನ್ನೂ ಹೆಸರಿಸಿ. ನಮ್ಮ ಜಿಲ್ಲೆಯಲ್ಲಿ ನೀರಿನ ಸಂಪ್‌ಗೆ (ನೆಲದಡಿಯ ತೊಟ್ಟಿಗೆ) ಒಂದು ಪ್ಯಾರಾನೇ ಬೇಕು. ಬೋರು ಸಾವಿರ ಅಡಿ ದಾಟಿದರೂ ನೀರು ಗ್ಯಾರಂಟಿ ಇಲ್ಲದ ಊರಿನಲ್ಲಿ, ಟ್ಯಾಂಕರ್ ದುಡ್ಡು ಯಾರು ಕೊಡಬೇಕು, ಮೋಟಾರ್ ಸ್ವಿಚ್ ಯಾರ ಗೋಡೆ ಮೇಲಿರಬೇಕು ಅಂತ ಬರೆದಿರಲಿ. ನಗಬೇಡಿ, ಜಗಳ ಶುರುವಾಗುವುದು ಅಲ್ಲೇ.

ಕರಡನ್ನು ಎಲ್ಲರನ್ನೂ ಕೂರಿಸಿ ಗಟ್ಟಿಯಾಗಿ ಓದಿ. ಅತ್ತಿಗೆ, ನಾದಿನಿ ಎಲ್ಲರೂ ಇರಲಿ. ಅವರು ಕೇಳುವ ಪ್ರಶ್ನೆಗಳೇ ಒಳ್ಳೆಯವು.

ಸಹಿ ಹಾಕಿದ 4 ತಿಂಗಳೊಳಗೆ ನೋಂದಣಿಗೆ ಹಾಜರುಪಡಿಸಿ. ಮನೆಯವರ ನಡುವಿನ ಪತ್ರಕ್ಕೆ ಮುದ್ರಾಂಕ ಶುಲ್ಕ ಕ್ರಯಪತ್ರದ್ದಕ್ಕಿಂತ ತುಂಬಾ ಕಡಿಮೆ, ದುಡ್ಡಿನ ನೆಪ ಹೇಳಬೇಡಿ.

ಒಬ್ಬರು ಒಪ್ಪದಿದ್ದರೆ? ಸೀದಾ ಕೇಸು ಹಾಕುವ ಮೊದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟಿದ್ದರೂ ಅಲ್ಲಿ ಉಚಿತ ನೆರವಿದೆ. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಮೇಲ್ಮನವಿಯ ಕಾಟವೂ ಇಲ್ಲ.

ಇನ್ನೊಂದು ಮಾತು. ಕ್ರಯಪತ್ರವೇ ಅಣ್ಣನೊಬ್ಬನ ಹೆಸರಲ್ಲಿದ್ದು ದುಡ್ಡು ಮಾತ್ರ ಎಲ್ಲರದಾಗಿದ್ದರೆ ಈ ದಾರಿ ನಡೆಯುವುದಿಲ್ಲ. ಅಲ್ಲಿ 1988ರ ಬೇನಾಮಿ ಕಾಯ್ದೆ ಅಡ್ಡ ಬರಬಹುದು. 2016ರಲ್ಲಿ ಅದನ್ನು ಇನ್ನೂ ಬಿಗಿ ಮಾಡಿದ್ದಾರೆ. ಅಂಥವರು ನನ್ನ ಹತ್ತಿರ ಬರುವ ಮೊದಲು ವಕೀಲರ ಹತ್ತಿರ ಹೋಗಿ.

ಪತ್ರ ಕೈಗೆ ಬಂದ ಮೇಲೆ ಅದೇ ವಾರ ಖಾತೆ ಬದಲಾವಣೆಗೆ ಅರ್ಜಿ ಹಾಕಿ. ಈ ಸಲ ಎಲ್ಲರೂ ಓಡಾಡಿ.