ವಕೀಲರನ್ನು ಗುತ್ತಿಗೆ ಮೇಲೆ ಗೊತ್ತುಮಾಡುವಾಗ
ಮೊದಲು ಸನ್ನದು (ವಕೀಲಿ ಪರವಾನಗಿ) ನೋಡಿ. 2009–10ನೇ ಸಾಲಿನಿಂದೀಚೆಗೆ ಕಾನೂನು ಪದವಿ ಪಡೆದವರಾದರೆ ಎಐಬಿಇ (ಅಖಿಲ ಭಾರತ ವಕೀಲರ ಪರೀಕ್ಷೆ) ಪಾಸಾದ ಪ್ರಮಾಣಪತ್ರವನ್ನೂ ಕೇಳಿ.

ಹೆಚ್ಚಿನವರು ಎಡವುವುದು ಕರಾರುಪತ್ರದಲ್ಲಿ. ಭಾರತೀಯ ವಕೀಲರ ಪರಿಷತ್ತಿನ 49ನೇ ನಿಯಮದಂತೆ, ಪ್ರಾಕ್ಟೀಸ್ ಮಾಡುತ್ತಿರುವವರು ಪೂರ್ಣಾವಧಿ ಸಂಬಳದ ನೌಕರರಾಗುವಂತಿಲ್ಲ. ಅಂಥ ಕೆಲಸ ಹಿಡಿದರೆ ರಾಜ್ಯ ವಕೀಲರ ಪರಿಷತ್ತಿಗೆ ತಿಳಿಸಿ ಪ್ರಾಕ್ಟೀಸ್ ನಿಲ್ಲಿಸಬೇಕು. ತಿಂಗಳ ಸಂಬಳ, ಪಿಎಫ್, ದಿನವಿಡೀ ಹಾಜರಿ ಇಟ್ಟುಕೊಂಡು ‘ಗುತ್ತಿಗೆ’ ಎಂದು ಹೆಸರಿಟ್ಟರೆ ಅವರ ಸನ್ನದಿಗೇ ಕುತ್ತು. ಕಿರಿಯರಿಗೆ ಇದನ್ನು ಯಾರೂ ಹೇಳುವುದಿಲ್ಲ, ನೀವಾದರೂ ಹೇಳಿ. ಕೆಲಸವನ್ನೇ ಅಳೆದು ಬರೆಯಿರಿ: ‘ತಿಂಗಳಿಗೆ 40 ಗಂಟೆ, ಗಂಟೆಗೆ ಇಷ್ಟು ಶುಲ್ಕ, ಪ್ರತಿ ಕರಡಿಗೆ ಎರಡು ಸಲ ತಿದ್ದುಪಡಿ.’ ಗೆದ್ದ ಹಣದಲ್ಲಿ ಪಾಲು ಎಂಬ ಷರತ್ತು ನಿಷಿದ್ಧ.

ಫೈಲ್ ಕೊಡುವ ಮುನ್ನ ಎದುರು ಪಕ್ಷಗಾರರ ಹೆಸರು ಕೊಟ್ಟು, ಅವರ ಪರ ಕೆಲಸ ಮಾಡಿಲ್ಲವೆಂದು ಬರೆಸಿಕೊಳ್ಳಿ. ವಕೀಲರು ನಿಮ್ಮ ಪರ ವಕಾಲತ್ತು ಹಾಕಿದ್ದರೆ, ಕರಾರು ಮುಗಿದ ದಿನವೇ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಪಡೆಯಿರಿ. ಇಲ್ಲವಾದರೆ ಹೊಸ ವಕೀಲರು ಕೋರ್ಟಿನ ಅನುಮತಿಗೆ ಕಾಯಬೇಕಾಗುತ್ತದೆ.