ಮೊದಲ ತೈಲಚಿತ್ರ: ಎಣ್ಣೆ ಬಾಟಲಿ ಆಮೇಲೆ ತೆರೆಯಿರಿ

ಜಗನ್ಮೋಹನ ಅರಮನೆಯಲ್ಲಿ ರವಿವರ್ಮನ ಚಿತ್ರಗಳನ್ನು ನೋಡಿ, ಮರುದಿನವೇ ಬಣ್ಣದ ಟ್ಯೂಬು ಕೊಳ್ಳಲು ಹೊರಡುವವರು ಮೈಸೂರಿನಲ್ಲಿ ಕಡಿಮೆಯೇನಿಲ್ಲ. (ಅಲ್ಲಿರುವ ದೀಪ ಹಿಡಿದ ಹೆಂಗಸಿನ ಚಿತ್ರದಂತೆ ಎಣ್ಣೆಬಣ್ಣದಲ್ಲಿ ಬರೆಯುವ ಆಸೆಯೇ? ಅದು ರವಿವರ್ಮನದಲ್ಲ, ಎಣ್ಣೆಬಣ್ಣವೂ ಅಲ್ಲ, ಎಸ್.ಎಲ್. ಹಲ್ದಣಕರ್ ಅವರ ಜಲವರ್ಣ.) ಹಾಗೆ ಹೊರಟವರಲ್ಲಿ ಹೆಚ್ಚಿನವರು ಎಡವುವುದು ಡ್ರಾಯಿಂಗಿನಲ್ಲಲ್ಲ, ಎಣ್ಣೆಯಲ್ಲಿ.

ಸಾಮಾನು

ಹನ್ನೆರಡು ಬಣ್ಣದ ಸೆಟ್ ಬೇಡವೇ ಬೇಡ. ಬಿಳಿ ಬೇಗ ಖಾಲಿಯಾಗುತ್ತದೆ, ಗುಲಾಬಿ ಟ್ಯೂಬು ಮುಚ್ಚಳ ಕಚ್ಚಿಕೊಂಡು ಹಾಗೇ ಉಳಿಯುತ್ತದೆ. ಬಿಡಿಯಾಗಿ ಐದು ಕೊಳ್ಳಿ: ಟೈಟಾನಿಯಂ ವೈಟ್ (ಇದೊಂದು ದೊಡ್ಡ ಟ್ಯೂಬು), ಎಲ್ಲೋ ಓಕರ್, ಬರ್ಂಟ್ ಸಿಯೆನ್ನಾ (ಕೆಂಗಂದು), ಅಲಿಝರಿನ್ ಕ್ರಿಮ್ಸನ್, ಅಲ್ಟ್ರಾಮರೀನ್ ಬ್ಲೂ. ಕಪ್ಪು ಬೇಡ. ಅಲ್ಟ್ರಾಮರೀನಿಗೆ ಬರ್ಂಟ್ ಸಿಯೆನ್ನಾ ಸೇರಿಸಿದರೆ ಟ್ಯೂಬಿನ ಕಪ್ಪಿಗಿಂತ ಜೀವವಿರುವ ಕಪ್ಪು ಸಿಗುತ್ತದೆ.

ಬಿರುಸು ಕೂದಲಿನ ಚಪ್ಪಟೆ ಬ್ರಷ್ ಮೂರು, ಒಂದು ಪ್ಯಾಲೆಟ್ ನೈಫ್, ಹತ್ತು-ಹನ್ನೆರಡು ಇಂಚಿನ ಕ್ಯಾನ್ವಾಸ್ ಬೋರ್ಡ್. ಬಣ್ಣ ಕಲಸುವ ಪ್ಯಾಲೆಟ್ಟಿಗೆ ಮನೆ ಕಟ್ಟಿದಾಗ ಉಳಿದ ಟೈಲ್ಸ್ ಸಾಕು. ಬೋರ್ಡಿಗೆ ಜೆಸ್ಸೋ (ಬಣ್ಣದಡಿಗೆ ಬಳಿಯುವ ಬಿಳಿ ಲೇಪ) ಇನ್ನೊಂದು ಕೋಟ್ ಹೊಡೆದು ಒಣಗಿಸಿ. ಬರಿಯ ಬಟ್ಟೆಯ ಮೇಲೆ ನೇರ ಬಣ್ಣ ಹಚ್ಚಿದರೆ ಎಣ್ಣೆ ಬಟ್ಟೆಯನ್ನೇ ತಿನ್ನುತ್ತದೆ.

ಏನು ಬರೆಯುವುದು

ಮಣ್ಣಿನ ಕುಡಿಕೆ. ಒಂದೇ ಕಡೆಯಿಂದ ಬೆಳಕು ಬರುವ ಕಿಟಕಿಯ ಪಕ್ಕ ಇಡಿ. ನಂಜನಗೂಡು ರಸಬಾಳೆ ಇಟ್ಟುಕೊಂಡರೆ ಎರಡನೇ ಪದರಕ್ಕೆ ಬರುವಷ್ಟರಲ್ಲಿ ಸಿಪ್ಪೆ ಕಪ್ಪಾಗಿರುತ್ತದೆ.

ಪದರಗಳು

ಇಲ್ಲಿ ನಿಧಾನಿಸಿ. ಬಣ್ಣ ತೆಳುಮಾಡುವ ಟರ್ಪಂಟೈನ್ ಆವಿಯಾಗಿ ಹೋಗುತ್ತದೆ. ಬಣ್ಣಕ್ಕೆ ಜಿಡ್ಡು ಕೊಡುವ ಅಗಸೆ ಎಣ್ಣೆ ಆವಿಯಾಗುವುದಿಲ್ಲ. ಗಾಳಿಯ ಆಮ್ಲಜನಕ ಹೀರಿಕೊಂಡು ಗಟ್ಟಿಯಾಗುತ್ತದೆ, ಅದಕ್ಕೆ ದಿನಗಟ್ಟಲೆ ಬೇಕು. ಕೆಳಗೆ ಜಿಡ್ಡು ಹೆಚ್ಚಾಗಿ ಮೇಲೆ ಕಡಿಮೆಯಾದರೆ, ಮೇಲಿನ ಪದರ ಮೊದಲು ಬಿಗಿಯುತ್ತದೆ, ಅಡಿಯದು ಆಮೇಲೂ ಅಲುಗಾಡುತ್ತದೆ, ಚಿತ್ರ ಬಿರುಕು ಬಿಡುತ್ತದೆ. ಹಾಗಾಗಿ ಜಿಡ್ಡು ಕೆಳಗಿನಿಂದ ಮೇಲಕ್ಕೆ ಏರುತ್ತಾ ಹೋಗಬೇಕು.

ಮೊದಲ ಪದರಕ್ಕೆ ಬರ್ಂಟ್ ಸಿಯೆನ್ನಾ ಮತ್ತು ಟರ್ಪಂಟೈನ್, ಅಷ್ಟೇ. ಎಣ್ಣೆ ಒಂದು ತೊಟ್ಟೂ ಬೇಡ. ಬೋರ್ಡು ನಿಲ್ಲಿಸಿದರೆ ಬಣ್ಣ ಕೆಳಗೆ ಇಳಿಯಬಾರದು. ಇಳಿದರೆ ಟರ್ಪಂಟೈನ್ ಜಾಸ್ತಿಯಾಗಿದೆ. ಕುಡಿಕೆಯ ಆಕಾರ ಬ್ರಷ್ಷಿನಲ್ಲೇ ಹಾಕಿ, ನೆರಳು ತುಂಬಿ, ಬೆಳಕು ಬಿದ್ದಲ್ಲಿ ಹಳೇ ಪಂಚೆ ಚೂರಿನಿಂದ ಒರೆಸಿ ಬೋರ್ಡಿನ ಬಿಳಿ ಕಾಣುವಂತೆ ಮಾಡಿ. ಈ ಒಂದೇ ಬಣ್ಣದಲ್ಲಿ ಕುಡಿಕೆ ದುಂಡಗೆ ಕಾಣದಿದ್ದರೆ, ಮುಂದೆ ಎಷ್ಟು ಬಣ್ಣ ಸುರಿದರೂ ಕಾಣುವುದಿಲ್ಲ.

ಒಂದೆರಡು ದಿನ ಬಿಟ್ಟು ಮೂಲೆಯಲ್ಲಿ ಬೆರಳಿಟ್ಟು ನೋಡಿ. ಅಂಟದಿದ್ದರೆ ಎರಡನೇ ಪದರ, ಟ್ಯೂಬಿನ ಬಣ್ಣ ಹಾಗೆಯೇ. ಒಂದು ಮಿಶ್ರಣಕ್ಕೆ ಎರಡು ಬಣ್ಣ, ಬೇಕಾದರೆ ಬಿಳಿ. ಮೂರನೆಯದು ಸೇರಿದರೆ ರಾಡಿ. ಇದು ಒಣಗಲು ವಾರ ಹಿಡಿಯಬಹುದು, ಬಿಳಿ ದಪ್ಪಗಿದ್ದಲ್ಲಿ ಮತ್ತೂ ಹೆಚ್ಚು. ಜುಲೈ ಮಳೆಯಲ್ಲಿ ಕೇಳಲೇಬೇಡಿ. ಮೂರನೆಯ ಪದರಕ್ಕೆ ಮಾತ್ರ ಅಗಸೆ ಎಣ್ಣೆ, ಟರ್ಪಂಟೈನ್ ಸಮಸಮ ಬೆರೆಸಿಟ್ಟು, ಬಣ್ಣಕ್ಕೆ ಕೆಲವೇ ತೊಟ್ಟು.

ಅವಸರದ ಉಪಾಯಗಳು ಬೇಕಾದಷ್ಟಿವೆ, ಎಲ್ಲವೂ ದಂಡ. ಕೊಬ್ಬರಿ ಎಣ್ಣೆ, ಕಡಲೆಕಾಯಿ ಎಣ್ಣೆ ವರ್ಷವಾದರೂ ಗಟ್ಟಿಯಾಗುವುದಿಲ್ಲ. ಹಾರ್ಡ್‌ವೇರ್ ಅಂಗಡಿಯ ‘ಬಾಯ್ಲ್ಡ್’ ಅಗಸೆ ಎಣ್ಣೆ ಬೇಗ ಒಣಗುತ್ತದೆ ನಿಜ, ಆದರೆ ಅದು ಬಾಗಿಲು ಕಿಟಕಿಗೆ; ಚಿತ್ರದಲ್ಲಿ ಕಂದುತ್ತದೆ. ತಾರಸಿಯ ಬಿಸಿಲಿಗಿಟ್ಟರೆ ಬೋರ್ಡು ಸೊಟ್ಟಗಾಗುತ್ತದೆ. ಹಾಗಂತ ಬೀರುವಿನೊಳಗೂ ಇಡಬೇಡಿ, ಕತ್ತಲಲ್ಲಿ ಎಣ್ಣೆ ಹಳದಿಗೆ ತಿರುಗುತ್ತದೆ. ಗಾಳಿ ಬೆಳಕಿರುವ ಹಾಲಿನ ಗೋಡೆಗೆ ಒರಗಿಸಿ, ಮಕ್ಕಳ ಕೈಗೆ ಎಟುಕದಷ್ಟು ಎತ್ತರದಲ್ಲಿ.

ಕೆಲಸ ಮುಗಿದ ಮೇಲೆ

ಬ್ರಷ್ಷನ್ನು ಬಟ್ಟೆಯಲ್ಲಿ ಒರೆಸಿ, ಟರ್ಪಂಟೈನಿನಲ್ಲಿ ಅದ್ದಿ, ಕೊನೆಗೆ ಬಾರ್ ಸೋಪಿನಲ್ಲಿ ತೊಳೆಯಿರಿ. ಕೊಳೆಯಾದ ಟರ್ಪಂಟೈನನ್ನು ಸಿಂಕಿಗೆ ಸುರಿಯದೆ ಬಾಟಲಿಯಲ್ಲಿ ಮುಚ್ಚಿಡಿ. ಬಣ್ಣ ತಳಕ್ಕೆ ಕೂತ ಮೇಲೆ ತಿಳಿ ಬಗ್ಗಿಸಿ ಮತ್ತೆ ಬಳಸಬಹುದು. ಅಗಸೆ ಎಣ್ಣೆ ಮೆತ್ತಿದ ಬಟ್ಟೆಯನ್ನು ಮುದುಡಿ ಬುಟ್ಟಿಗೆ ಎಸೆಯಲೇಕೂಡದು; ಒಣಗುವಾಗ ಹುಟ್ಟುವ ಶಾಖ ಒಳಗೇ ಸಿಕ್ಕಿ ತಾನಾಗಿ ಬೆಂಕಿ ಹತ್ತಿಕೊಳ್ಳಬಹುದು. ಹೊರಗೆ ಹರಡಿ ಒಣಹಾಕಿ. ಬಾಗಿಲು ಹಾಕಿದ ಕೋಣೆಯಲ್ಲಿ ಟರ್ಪಂಟೈನ್ ಬೇಡ, ತಲೆನೋವು ಗ್ಯಾರಂಟಿ.

ಫ್ರೇಮ್ ಅಂಗಡಿಯಲ್ಲಿ ‘ವಾರ್ನಿಷ್ ಹೊಡೆದುಕೊಡೋಣವೇ’ ಎಂದರೆ ಬೇಡವೆನ್ನಿ. ಆರು ತಿಂಗಳಾದರೂ ಕಳೆಯಲಿ. ಗಾಜಿಗೂ ದುಡ್ಡು ಕೊಡಬೇಡಿ. ಎಣ್ಣೆಬಣ್ಣಕ್ಕೆ ಅದು ಬೇಕಿಲ್ಲ.